ಓದಿದ ಶಾಲೆಗೇ ಎಸ್‌ಡಿಎಂಸಿ ಅಧ್ಯಕ್ಷೆ: ಮಗಳು ಏಳನೇ ತರಗತಿ ಮುಗಿಸಿದ ಮೇಲೆ ಮುಂದೇನು?

ಮೂಲ ಬರಹ: ಅಧ್ಯಕ್ಷೆ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಲ್ಲರೂ ಎಸ್‌ಡಿಎಂಸಿ ಎನ್ನುವ ಸಮಿತಿಗೆ, ನಾನು ಅಧ್ಯಕ್ಷೆಯಾಗಿ ಮೂರು ವರ್ಷ ತುಂಬುತ್ತಾ ಬಂತು. ಒಂದರಿಂದ ಏಳನೇ ತರಗತಿಯವರೆಗೆ ನಾನು ಓದಿದ್ದೂ ಇದೇ ಶಾಲೆಯಲ್ಲಿ. ಹೀಗಾಗುವುದು ಅಪರೂಪ ಎಂದು ನನಗೆ ತಿಳಿದಿದೆ, ಏಕೆಂದರೆ ನನ್ನ ಜೊತೆ ಓದಿದ ಹನ್ನೊಂದು ಹುಡುಗಿಯರಲ್ಲಿ ಹತ್ತು ಮಂದಿ ಮದುವೆಯಾಗಿ ಬೇರೆ ಬೇರೆ ಊರು ಸೇರಿದರು. ಅಪ್ಪ ಅಮ್ಮನಿಗೆ ನಾನೊಬ್ಬಳೇ ಮಗಳಾದ್ದರಿಂದ ನಮ್ಮ ಯಜಮಾನರು ಮನೆಅಳಿಯರಾಗಿ ಬಂದರು; ನಾನು ತವರಿನಲ್ಲಿಯೇ ಉಳಿದೆ, ನನ್ನ ಮಗಳು ನಾನು ಕೂತ ಕೊಠಡಿಯಲ್ಲಿಯೇ ಕೂತು ಅಕ್ಷರ ಕಲಿತಳು.

ಬರುವ ಮಾರ್ಚ್‌ಗೆ ಅವಳ ಏಳನೇ ತರಗತಿ ಮುಗಿಯುತ್ತದೆ. ಜೂನ್‌ನಲ್ಲಿ ಹೋಬಳಿಯ ಪ್ರೌಢಶಾಲೆಗೆ ಸೇರುತ್ತಾಳೆ. ಅಲ್ಲಿಗೆ ಈ ಶಾಲೆಯಲ್ಲಿ ನಾನು ಪೋಷಕಿಯಲ್ಲ, ಸದಸ್ಯೆಯಲ್ಲ, ಅಧ್ಯಕ್ಷೆಯೂ ಅಲ್ಲ. ಮಗು ಶಾಲೆಯಲ್ಲಿ ಓದುತ್ತಿದ್ದರೆ ಮಾತ್ರ ಪೋಷಕರಿಗೆ ಸಮಿತಿಯಲ್ಲಿ ಜಾಗ; ನಿಯಮ ಹಾಗಿದೆ, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಕೈ ಹಾಕಿದ ಒಂದು ಕೆಲಸ ಅರ್ಧಕ್ಕೆ ನಿಂತಿದೆ.

ನಮ್ಮ ಶಾಲೆಯ ಆಗ್ನೇಯ ಮೂಲೆಗೆ ಅಂಟಿಕೊಂಡು ಒಂದು ತೆಂಗಿನ ತೋಟವಿದೆ. ನಡುವೆ ಕತ್ತಾಳೆ ಬೇಲಿ. ಆ ಬೇಲಿ ವರ್ಷಕ್ಕೊಂದು ಹೆಜ್ಜೆಯಂತೆ ಮೈದಾನದೊಳಕ್ಕೆ ಬಂದಿರುವುದು ಊರಿಗೆಲ್ಲ ಗೊತ್ತು; ಯಾರೂ ಬಾಯಿ ಬಿಟ್ಟಿರಲಿಲ್ಲ. ಕಾಂಪೌಂಡ್ ಕಟ್ಟಿಸಬೇಕೆಂದು ಹೊರಟಾಗ ಮೊದಲು ಹದ್ದುಬಸ್ತು, ಅಂದರೆ ಸರ್ಕಾರಿ ಗಡಿ ಅಳತೆ, ಆಗಲಿ ಎಂದರು. ಸಮಿತಿಯಲ್ಲಿ ನಿರ್ಣಯ ಮಾಡಿ, ಅರ್ಜಿ ಕೊಟ್ಟು, ಒಂಬತ್ತು ತಿಂಗಳು ಕಾದ ಮೇಲೆ ಭೂಮಾಪಕರು ಬಂದರು. ಅಳತೆಯ ಹಳೆಯ ದಾಖಲೆಗಳಾದ ಟಿಪ್ಪಣಿ ಇತ್ತು, ಆಕಾರಬಂದ್ ಇತ್ತು, ಆದರೆ ಆ ಮೂಲೆಯ ಗಡಿ ಗುರುತಿನ ಬಾಂದು ಕಲ್ಲು ಮಾತ್ರ ಸಿಗಲಿಲ್ಲ. ಅವರು ಇನ್ನೊಂದು ದಿನ ಬರುತ್ತೇವೆಂದು ಅಳತೆಯ ಸರಪಳಿ ಸುತ್ತುತ್ತಿದ್ದರು. ಆಗ ನನಗೆ ಇದ್ದಕ್ಕಿದ್ದಂತೆ ನೆನಪಾಯಿತು: ನಾವು ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ಔಟಾದವಳು ಹೋಗಿ ಕೂರುತ್ತಿದ್ದದ್ದು ಒಂದು ಮೊಂಡು ಕಲ್ಲಿನ ಮೇಲೆ. ಅದರ ನೆತ್ತಿಯ ಮೇಲೆ ಗೀರು ಇತ್ತು. ಆ ಗೀರಿಗೆ ಬಳಪ ಉಜ್ಜಿ ಚೂಪು ಮಾಡುತ್ತಿದ್ದೆವು. ಕತ್ತಾಳೆಯ ಒಳಕ್ಕೆ ಮೂರಾಳು ದೂರ ಕುಡುಗೋಲು ಹಾಕಿ ಸವರಿದಾಗ, ಮಣ್ಣು ಮುಚ್ಚಿಕೊಂಡು, ಆ ಕಲ್ಲು ಅಲ್ಲೇ ಇತ್ತು. ಗೀರೂ ಇತ್ತು.

ಅಳತೆಯಾದಾಗ ನಾಲ್ಕು ತೆಂಗಿನ ಮರಗಳು ಶಾಲೆಯ ಜಾಗದೊಳಗೆ ಬಂದವು. ತೋಟ ನನ್ನ ದೊಡ್ಡಪ್ಪನವರದು.

ಅವರು ಅಂದು ಸಂಜೆ ನಮ್ಮ ಜಗುಲಿಯ ಮೇಲೆ ಕೂತು ಹೇಳಿದ ಮಾತು ಇಷ್ಟೇ: “ನಿನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಆ ಸ್ಕೂಲಿಗೆ ಸೇರಿಸಿದವನು ನಾನು ಕಣವ್ವ. ಈಗ ನನಗೇ ಸರಪಳಿ ಹಿಡಿಸಿದೆಯಾ?” ನನ್ನ ಬಳಿ ಉತ್ತರವಿರಲಿಲ್ಲ. ನನಗೆ ಒಡಹುಟ್ಟಿದವರಿಲ್ಲದ ಕಾರಣ ಗೌರಿ ಹಬ್ಬದ ಬಾಗಿನ ಪ್ರತಿವರ್ಷ ಅವರ ಮಗನೇ, ನನ್ನ ಅಣ್ಣನೇ, ತಂದುಕೊಡುತ್ತಿದ್ದ. ಆ ವರ್ಷ ಬಾಗಿನ ಬರಲಿಲ್ಲ.

ಈಗ ಕಲ್ಲು ನೆಟ್ಟಾಗಿದೆ, ಕಾಂಪೌಂಡ್ ಎದ್ದಿಲ್ಲ, ಮರಗಳ ವಿಚಾರ ತೀರ್ಮಾನವಾಗಿಲ್ಲ. ನಾನು ಇಳಿದರೆ ಬೇಲಿ ಮತ್ತೆ ನಡೆದು ಬರುತ್ತದೆ ಎಂಬ ಭಯ ನನಗಿದೆ. ಹಿತೈಷಿಗಳೊಬ್ಬರು ಒಂದು ದಾರಿ ತೋರಿಸಿದ್ದಾರೆ: ನಮ್ಮ ನಾದಿನಿಯ ಮಗನನ್ನು ನಮ್ಮ ಮನೆಯಲ್ಲಿಟ್ಟುಕೊಂಡು ಇದೇ ಶಾಲೆಗೆ ಸೇರಿಸಿದರೆ ನಾನು ಅವನ ಪೋಷಕಿಯಾಗಿ ಸಮಿತಿಯಲ್ಲಿ ಮುಂದುವರಿಯಬಹುದಂತೆ. ಇದು ಸರಿಯೇ? ತಿಳಿದವರು ಹೇಳಬೇಕು.

ನಿವೃತ್ತ ಮುಖ್ಯ ಶಿಕ್ಷಕ, ಹಾಸನ

ತಾಯಿ, ಮೊದಲು ಆ ಕಲ್ಲು ಹುಡುಕಿದ್ದಕ್ಕೆ ನನ್ನ ನಮಸ್ಕಾರ. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ನಾನು ಏಳು ಶಾಲೆ ಕಂಡೆ. ಒಂದರಲ್ಲಿಯೂ ನಾಲ್ಕು ಬಾಂದು ಒಟ್ಟಿಗೆ ಸಿಕ್ಕ ನೆನಪಿಲ್ಲ.

ಆದರೆ ನಿಮಗೆ ತೋರಿಸಿರುವ ದಾರಿಯ ಬಗ್ಗೆ ನನಗೆ ಸಮಾಧಾನವಿಲ್ಲ. ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಎಸ್‌ಡಿಎಂಸಿ ಬಂದದ್ದು 2001ರಲ್ಲಿ, ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಶಿಫಾರಸು ಮಾಡಿದ ನಂತರ. ಅದಕ್ಕೆ ಮೊದಲು ಗ್ರಾಮ ಶಿಕ್ಷಣ ಸಮಿತಿ ಎಂಬುದೊಂದಿತ್ತು. ನಾನು ಕೆಲಸ ಮಾಡಿದ ಕಡೆಗಳಲ್ಲಿ ಆ ಸಮಿತಿಯಲ್ಲಿ ಕೂರುತ್ತಿದ್ದವರು ಊರಿನ ಹತ್ತು ಸಮಸ್ತರು. ಅವರ ಮನೆಯ ಮಕ್ಕಳು ಪಟ್ಟಣದ ಕಾನ್ವೆಂಟಿಗೆ ಹೋಗುತ್ತಿದ್ದರು, ಅವರ ತೋಟದಲ್ಲಿ ಕೂಲಿ ಮಾಡುವವರ ಮಕ್ಕಳು ನಮ್ಮ ಶಾಲೆಗೆ ಬರುತ್ತಿದ್ದರು. ಸಭೆ ಕರೆದರೆ ಧ್ವಜಾರೋಹಣದ ದಿನ ತೆಂಗಿನಕಾಯಿ ಯಾರು ಒಡೆಯಬೇಕು ಎಂಬುದರ ಮೇಲೆ ಒಂದು ಗಂಟೆ ಚರ್ಚೆಯಾಗುತ್ತಿತ್ತು, ಶೌಚಾಲಯದ ಮಾತು ಬರುವ ಹೊತ್ತಿಗೆ ಎಲ್ಲರಿಗೂ ಎದ್ದು ಹೋಗುವ ಅವಸರ.

ಮಗು ಶಾಲೆಯಲ್ಲಿದ್ದರೆ ಮಾತ್ರ ಸಮಿತಿಯಲ್ಲಿ ಜಾಗ ಎಂಬ ನಿಯಮ ಬಂದಾಗ ಆ ಹತ್ತು ಸಮಸ್ತರು ಒಂದೇ ಏಟಿಗೆ ಹೊರಗಾದರು. ಒಳಗೆ ಬಂದವರು ಬೀಡಿ ಕಟ್ಟುವವರು, ಗಾರೆ ಕೆಲಸದವರು, ಹೊಲದಿಂದ ನೇರ ಸಭೆಗೆ ಬಂದು ಕೈಕಾಲು ತೊಳೆಯಲು ನೀರೆಲ್ಲಿ ಎಂದು ಕೇಳುವ ತಾಯಂದಿರು. ನಾಳೆ ನೀವು ನಾದಿನಿಯ ಮಗನ ಹೆಸರಿನಲ್ಲಿ ಉಳಿದರೆ, ನಾಡಿದ್ದು ಇನ್ನೊಬ್ಬರು ಅಣ್ಣನ ಮೊಮ್ಮಗನ ಹೆಸರಿನಲ್ಲಿ ಬಂದು ಕೂರುತ್ತಾರೆ. ಅವರು ನಿಮ್ಮಂತೆ ಕಲ್ಲು ಹುಡುಕಲು ಬರುವುದಿಲ್ಲ.

ಇಲ್ಲಿ ಒಂದು ಮಾತು ನನ್ನ ಕಡೆಯಿಂದಲೂ ಒಪ್ಪಿಕೊಳ್ಳಬೇಕು. ಅಧ್ಯಕ್ಷರು ಬದಲಾದಾಗಲೆಲ್ಲ ಸದಸ್ಯ ಕಾರ್ಯದರ್ಶಿಯಾದ ಮುಖ್ಯ ಶಿಕ್ಷಕನಿಗೆ ಒಳಗೊಳಗೇ ನಿರಾಳವಾಗುತ್ತದೆ, ಏಕೆಂದರೆ ಹೊಸಬರಿಗೆ ಲೆಕ್ಕ ಅರ್ಥವಾಗಲು ಒಂದು ವರ್ಷ ಬೇಕು. ನಾನೂ ಹಾಗೆ ನಿರಾಳವಾದವನೇ.

ಪ್ರಾಥಮಿಕ ಶಾಲಾ ಶಿಕ್ಷಕಿ, ಕೊಪ್ಪಳ

ಅಕ್ಕಾವರೇ, ನಿಮ್ಮ ಬರಹ ಓದಿ ನಮ್ಮ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮ ಚೌದ್ರಿಯವರು ನೆನಪಾದರು. ಊರಿನಲ್ಲಿ ಶಾಲೆಗೆ ಜಾಗವಿಲ್ಲವೆಂದಾಗ ಬದುಕಿಗೆ ಆಧಾರವಾಗಿದ್ದ ಎರಡು ಎಕರೆ ಹೊಲವನ್ನು ಬರೆದುಕೊಟ್ಟು, ಆಮೇಲೆ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾ ಮಕ್ಕಳಿಗೆ ಬಡಿಸಿದವರು. ಸ್ವಂತ ಮಕ್ಕಳಿಲ್ಲದ ಅವರಿಗೆ ನಿಯಮದ ಪ್ರಕಾರ ಎಸ್‌ಡಿಎಂಸಿಯಲ್ಲಿ ಪೋಷಕರ ಸ್ಥಾನ ಸಿಗುವಂತಿಲ್ಲ. ಆದರೂ ಆ ಶಾಲೆಯ ಮಾತು ಬಂದರೆ ಮೊದಲು ಬರುವ ಹೆಸರು ಅವರದೇ.

ಇದನ್ನು ನಿಮಗೆ ಸಮಾಧಾನ ಹೇಳಲು ಬರೆಯುತ್ತಿಲ್ಲ. ಹುದ್ದೆ ಬೇಡ, ಸೇವೆ ಸಾಕು ಎಂದು ಹೆಣ್ಣುಮಕ್ಕಳಿಗೆ ಉಪದೇಶ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ; ಒಲೆಯ ಮುಂದೆ ನಿಲ್ಲಲು ನಮಗೆ ಯಾರ ನೇಮಕಾತಿಯೂ ಬೇಕಾಗಿಲ್ಲ, ಚೆಕ್ಕಿಗೆ ಸಹಿ ಹಾಕಲು ಮಾತ್ರ ನಿಯಮ ಅಡ್ಡ ಬರುತ್ತದೆ. ನಾನು ಕೇಳುವುದು ಬೇರೆ. ನಿಮ್ಮ ಜೊತೆ ಓದಿದ ಆ ಹತ್ತು ಹುಡುಗಿಯರು ಈಗ ಎಲ್ಲಿದ್ದಾರೆ? ಅವರೂ ಯಾವುದೋ ಊರಿನ ಶಾಲೆಯಲ್ಲಿ ತಾಯಂದಿರಾಗಿರಬೇಕಲ್ಲವೇ? ನಾನು ಕೆಲಸ ಮಾಡುವ ಶಾಲೆಯಲ್ಲಿ ಅಧ್ಯಕ್ಷರಾಗಿರುವ ತಾಯಿ ಗದಗ ಕಡೆಯಿಂದ ಬಂದ ಸೊಸೆ. ಅವರಿಗೆ ಈ ಊರಿನ ಬಾಂದು ಕಲ್ಲು ಗೊತ್ತಿಲ್ಲ, ನಿಜ. ಆದರೆ ಊರ ಗೌಡರಿಗೆ ಎದುರು ಕೂತು “ನಿಮ್ಮ ಟ್ರ್ಯಾಕ್ಟರ್ ಶಾಲೆಯ ಅಂಗಳದಲ್ಲಿ ನಿಲ್ಲಬಾರದರಿ” ಎಂದು ಹೇಳುವಾಗ ಅವರ ನಾಲಿಗೆ ತಡವರಿಸಲಿಲ್ಲ. ಅವರನ್ನು ಯಾರೂ ಇಲ್ಲಿ ಹೆಗಲ ಮೇಲೆ ಹೊತ್ತಿರಲಿಲ್ಲವಲ್ಲ.

ಒಬ್ಬ ತಂದೆ, ಬೆಂಗಳೂರು ಗ್ರಾಮಾಂತರ

ಎಲ್ಲರೂ ಮೇಡಂ ಅವರನ್ನು ಹೊಗಳುತ್ತಿದ್ದೀರಿ, ನಾನು ಒಂದು ಕಹಿ ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬಾರದು. ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂಬ ನಿಯಮವಿದೆ. ನಮ್ಮ ಊರಿನಲ್ಲಿ ಅಧ್ಯಕ್ಷೆಯ ಹೆಸರು ಫಲಕದ ಮೇಲಿದೆ, ಸಭೆಗೆ ಬರುವವರು ಅವರ ಗಂಡ. ನಡಾವಳಿ ಪುಸ್ತಕವನ್ನು ಮನೆಗೆ ಕಳುಹಿಸಿ ಸಹಿ ಹಾಕಿಸಿಕೊಂಡು ಬರುತ್ತಾರೆ. ಪಂಚಾಯಿತಿಯಲ್ಲಿ ಮಹಿಳೆಯರಿಗೆ ಶೇ 50ರಷ್ಟು ಮೀಸಲಾತಿ ಬಂದು ಇಷ್ಟು ವರ್ಷವಾದರೂ ಅಲ್ಲಿಯೂ ಅನೇಕ ಕಡೆ ಇದೇ ಕಥೆ. ನಿಮ್ಮಲ್ಲಿ ಹೇಗೆ?

ಅಧ್ಯಕ್ಷೆ, ತುಮಕೂರು ಜಿಲ್ಲೆ

ಬೇಸರವೇನಿಲ್ಲ ಸರ್, ಕೇಳಬೇಕಾದ ಪ್ರಶ್ನೆಯೇ. ನಮ್ಮ ಯಜಮಾನರು ಮನೆಅಳಿಯರಾದ್ದರಿಂದ ಊರಿನ ಪಂಚಾಯಿತಿ ವಿಚಾರಗಳಲ್ಲಿ ತಲೆ ಹಾಕುವುದಕ್ಕೆ ಅವರಿಗೇ ಸಂಕೋಚ. ಅದು ನನಗೆ ಅನುಕೂಲವಾಯಿತು ಎಂದು ಹೇಳಿದರೆ ನಗಬೇಡಿ.

ಆದರೆ ಮೊದಲ ಆರು ತಿಂಗಳು ನಾನೂ ನೋಡದೆ ಸಹಿ ಹಾಕಿದವಳೇ. ನಿಲ್ಲಿಸಿದ್ದು ಮೊಟ್ಟೆಯಿಂದ. ಶಾಲೆಯಲ್ಲಿ ಮೊಟ್ಟೆ ಕೊಡುವುದು ವಾರಕ್ಕೆ ಆರು ದಿನಕ್ಕೆ ಏರಿದಾಗ, ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಖಾತೆಗೆ ಒಂದು ಮೊಟ್ಟೆಗೆ 6 ರೂಪಾಯಿಯಂತೆ ಹಣ ಬರುತ್ತಿತ್ತು. ಬೇಯಿಸುವ ಗ್ಯಾಸು, ಸುಲಿಯುವ ಕೂಲಿ, ಸಾಗಿಸುವ ಖರ್ಚು ಎಲ್ಲವೂ ಆ ಆರರೊಳಗೆ. ಚಳಿಗಾಲದಲ್ಲಿ ಅಂಗಡಿಯವನು ಏಳು ಕೇಳಿದ. ಒಂದು ದಿನ ವೋಚರಿನಲ್ಲಿ ತೊಂಬತ್ತೆರಡು ಮೊಟ್ಟೆ ಎಂದಿತ್ತು. ಅಂದು ಊರಿನಲ್ಲಿ ಜಾತ್ರೆ, ನನ್ನ ಮಗಳೂ ಸೇರಿದಂತೆ ಅರ್ಧಕ್ಕರ್ಧ ಮಕ್ಕಳು ಶಾಲೆಗೆ ಹೋಗಿರಲಿಲ್ಲ. ನಾನು ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ತಮ್ಮ ಚೀಟಿ ಪುಸ್ತಕ ತೆಗೆದು ತೋರಿಸಿದರು: ಹಿಂದಿನ ತಿಂಗಳು ದರ ಏರಿದ ದಿನಗಳಲ್ಲಿ ಕೈಯಿಂದ ಹಾಕಿದ ಹಣವನ್ನು ಹೀಗೆ ಸರಿದೂಗಿಸುತ್ತಿದ್ದರು. ಕಳ್ಳತನವಲ್ಲ, ಆದರೆ ಲೆಕ್ಕವೂ ಅಲ್ಲ. ಅಂದಿನಿಂದ ವೋಚರ್ ಹಿಂಬದಿಯಲ್ಲಿ ಅಂದಿನ ಹಾಜರಿ ಬರೆದು, ಮೊಟ್ಟೆಯ ಬದಲು ಬಾಳೆಹಣ್ಣು ತೆಗೆದುಕೊಂಡ ಮಕ್ಕಳ ಸಂಖ್ಯೆ ಬೇರೆ ಬರೆದು, ಕೊರತೆ ಬಿದ್ದ ದಿನ ಕೊರತೆ ಎಂದೇ ಬರೆದು ನಡಾವಳಿಗೆ ಸೇರಿಸಿದೆವು. ಕೊರತೆ ತುಂಬಲು ತೋಟದವರ ಮನೆಗಳಿಂದ ತಿಂಗಳಿಗಿಷ್ಟು ತೆಂಗಿನಕಾಯಿ ಎತ್ತಿ ಮಾರಿದೆವು. ಅದರಲ್ಲಿ ದೊಡ್ಡಪ್ಪನ ತೋಟದ ಕಾಯಿಯೂ ಇತ್ತು, ಸರ್ವೆ ಆಗುವ ಮೊದಲು.

ಫ್ರೀಮಾಂಟ್‌ನಿಂದ ಒಬ್ಬ ಕನ್ನಡಿಗ

ನಾನು ಅರಸೀಕೆರೆಯವನು, ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ನಿಮ್ಮ ಪ್ರಶ್ನೆಯನ್ನು ಇಲ್ಲಿಯ ಕಣ್ಣಿನಿಂದ ನೋಡಿದರೆ ವಿಚಿತ್ರವಾಗಿ ಕಾಣುತ್ತದೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಇಲ್ಲಿ ಶಾಲಾ ಮಂಡಳಿಗೆ ನಿಲ್ಲಲು ಮಗು ಆ ಶಾಲೆಯಲ್ಲಿರಬೇಕೆಂಬ ನಿಯಮವಿಲ್ಲ. ಆ ಜಿಲ್ಲೆಯ ನಿವಾಸಿಯೂ ಮತದಾರರೂ ಆಗಿರಬೇಕು, ಅಷ್ಟೇ. ಮಕ್ಕಳಿಲ್ಲದವರೂ ನಿಲ್ಲುತ್ತಾರೆ, ಮೊಮ್ಮಕ್ಕಳನ್ನು ಕಂಡವರೂ ನಿಲ್ಲುತ್ತಾರೆ. ಸದಸ್ಯರನ್ನು ಜನರೇ ಚುನಾಯಿಸುತ್ತಾರೆ. ಅವರು ಇಡೀ ಶಾಲಾ ಜಿಲ್ಲೆಯ ಬಜೆಟ್ಟಿಗೆ ಒಪ್ಪಿಗೆ ಕೊಡುತ್ತಾರೆ, ಮೇಲ್ವಿಚಾರಕ ಅಧಿಕಾರಿಯನ್ನು ನೇಮಿಸುತ್ತಾರೆ, ಬೇಡವಾದರೆ ಕಳುಹಿಸುತ್ತಾರೆ. ನಮ್ಮ ಕ್ಷೇತ್ರ ಶಿಕ್ಷಣಾಧಿಕಾರಿಯನ್ನು ಊರಿನ ಏಳು ಮಂದಿ ಕೂತು ನೇಮಿಸುವುದನ್ನು ಊಹಿಸಿಕೊಳ್ಳಿ.

ನಿಮ್ಮ ಕಥೆಗೆ ಹತ್ತಿರದ ಒಬ್ಬರು ಲಾಸ್ ಏಂಜಲೀಸ್‌ನಲ್ಲಿದ್ದಾರೆ, ವಿಕ್ಟೋರಿಯಾ ಕ್ಯಾಸ್ಟ್ರೊ. ನಗರದ ಪೂರ್ವ ಭಾಗದ ಮೆಕ್ಸಿಕನ್ ಮೂಲದವರ ಕೇರಿಯಲ್ಲಿ ಬೆಳೆದು ಅಲ್ಲಿನ ರೂಸ್‌ವೆಲ್ಟ್ ಪ್ರೌಢಶಾಲೆಯಲ್ಲಿ ಓದಿದವರು. ಆ ಕಾಲಕ್ಕೆ ಅಲ್ಲಿನ ಶಾಲೆಗಳಲ್ಲಿ ಮನೆಮಾತಾದ ಸ್ಪ್ಯಾನಿಷ್ ಆಡಿದ್ದಕ್ಕೆ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. 1968ರ ಮಾರ್ಚ್‌ನಲ್ಲಿ ಆ ಭಾಗದ ಶಾಲೆಗಳ ಸಾವಿರಾರು ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಬಂದು ಎರಡು ಭಾಷೆಗಳಲ್ಲಿ ಪಾಠ, ತಮ್ಮ ಸಮುದಾಯದ ಶಿಕ್ಷಕರು, ತಮ್ಮ ಇತಿಹಾಸ ಬೇಕೆಂದು ಕೇಳಿದರು. ಆಗ ಕಾಲೇಜಿನಲ್ಲಿದ್ದ ಕ್ಯಾಸ್ಟ್ರೊ ಆ ಚಳವಳಿಯನ್ನು ಕಟ್ಟಿದವರಲ್ಲಿ ಒಬ್ಬರು. ಆಮೇಲೆ ಅದೇ ಭಾಗದಲ್ಲಿ ಶಿಕ್ಷಕಿಯಾದರು, ಮುಖ್ಯ ಶಿಕ್ಷಕಿಯಾದರು, 1993ರಲ್ಲಿ ಲಾಸ್ ಏಂಜಲೀಸ್ ಶಾಲಾ ಮಂಡಳಿಗೆ ಚುನಾಯಿತರಾಗಿ 2001ರವರೆಗೆ ಇದ್ದರು, ನಡುವೆ ಮಂಡಳಿಯ ಅಧ್ಯಕ್ಷೆಯೂ ಆದರು. ಯಾವ ಮಂಡಳಿಯ ಮುಂದೆ ಬೇಡಿಕೆ ಇಟ್ಟಿದ್ದರೋ ಆ ಮಂಡಳಿಯ ಕುರ್ಚಿಯಲ್ಲಿಯೇ ಕೂರಲು ಅವರಿಗೆ ಇಪ್ಪತ್ತೈದು ವರ್ಷ ಹಿಡಿಯಿತು. ಮಗುವೊಂದು ಒಂದನೇ ತರಗತಿಯಿಂದ ಏಳಕ್ಕೆ ಬರುವಷ್ಟು ಅವಧಿಯಲ್ಲಿ ಇಂಥದ್ದು ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಇಲ್ಲಿಯದೆಲ್ಲ ಬಂಗಾರವೆಂದು ಹೇಳುತ್ತಿಲ್ಲ. ಅವರು ಮಂಡಳಿಯಲ್ಲಿದ್ದ ಅವಧಿಯಲ್ಲಿಯೇ ನಗರದ ಮಧ್ಯೆ ಬೆಲ್ಮಾಂಟ್ ಎಂಬಲ್ಲಿ ಹಳೆಯ ಎಣ್ಣೆಬಾವಿಗಳ ನೆಲದ ಮೇಲೆ ಭಾರಿ ಖರ್ಚಿನ ಶಾಲೆಯೊಂದನ್ನು ಕಟ್ಟಲು ಹೊರಟು, ನೆಲದಿಂದ ಮೀಥೇನ್ ಬರುತ್ತದೆಂದು ಕೆಲಸ ನಿಂತು, ಕೊನೆಗೆ ಬೇರೆ ಹೆಸರಿನಲ್ಲಿ ಬಾಗಿಲು ತೆರೆದದ್ದು 2008ರಲ್ಲಿ. ದೊಡ್ಡ ಮಂಡಳಿಯ ಎಡವಟ್ಟೂ ದೊಡ್ಡದೇ. ಚುನಾವಣೆಗೆ ಸುರಿಯುವ ಹಣದ ಮಾತು ಬೇರೆಯೇ ಇದೆ.

ಇನ್ನೊಂದು ತಮಾಷೆ: ನನ್ನ ಇಬ್ಬರು ಮಕ್ಕಳು ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಓದುತ್ತಾರೆ, ಆದರೆ ನಾನು ಇಲ್ಲಿಯ ನಾಗರಿಕನಲ್ಲದ ಕಾರಣ ಮಂಡಳಿ ಚುನಾವಣೆಯಲ್ಲಿ ನನಗೆ ಮತವಿಲ್ಲ. ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2016ರಲ್ಲಿ ಜನ ಮತ ಹಾಕಿ, ನಾಗರಿಕರಲ್ಲದ ತಂದೆತಾಯಂದಿರೂ ಶಾಲಾ ಮಂಡಳಿಗೆ ಮತ ಹಾಕಬಹುದೆಂದು ತೀರ್ಮಾನಿಸಿದರು. ಅಂದರೆ ನೀವು ಅಲ್ಲಿ ಪೋಷಕರೆಂಬ ನಿಯಮದಿಂದ ಹೊರಗಾಗುತ್ತಿದ್ದೀರಿ, ನಾನು ಇಲ್ಲಿ ಪೋಷಕನಾಗಿದ್ದೂ ಹೊರಗಿದ್ದೇನೆ.

ವಕೀಲೆ, ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ, ಚಿತ್ರದುರ್ಗ ಜಿಲ್ಲೆ

ಚರ್ಚೆ ಚೆನ್ನಾಗಿದೆ, ಆದರೆ ಕಾನೂನು ಏನು ಹೇಳುತ್ತದೆ ಎಂಬುದನ್ನು ಯಾರೂ ಸರಿಯಾಗಿ ಹೇಳಿಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರ 21ನೇ ಪ್ರಕರಣದ ಪ್ರಕಾರ ಶಾಲಾ ಸಮಿತಿಯಲ್ಲಿ ಮೂರು ಬಗೆಯವರಿರುತ್ತಾರೆ: ಸ್ಥಳೀಯ ಪ್ರಾಧಿಕಾರದ ಚುನಾಯಿತ ಪ್ರತಿನಿಧಿಗಳು, ಮಕ್ಕಳ ತಂದೆತಾಯಿ ಅಥವಾ ಪೋಷಕರು, ಮತ್ತು ಶಿಕ್ಷಕರು. ಒಟ್ಟು ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗ ತಂದೆತಾಯಿ ಅಥವಾ ಪೋಷಕರೇ ಇರಬೇಕು, ದುರ್ಬಲ ಮತ್ತು ಅವಕಾಶವಂಚಿತ ವರ್ಗಗಳ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು, ಅರ್ಧದಷ್ಟು ಮಹಿಳೆಯರಿರಬೇಕು.

ಈಗ ನಿಮ್ಮ ನಾದಿನಿಯ ಮಗನ ವಿಷಯ. ಕಾಯ್ದೆ “ಪೋಷಕರು” ಎಂದಿರುವುದು ತಂದೆತಾಯಿಯ ಆಸರೆಯಿಲ್ಲದೆ ಅಜ್ಜಿಯ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ನಿಜವಾಗಿ ಬೆಳೆಯುತ್ತಿರುವ ಮಕ್ಕಳಿಗಾಗಿ. ನಮ್ಮ ಕಡೆ ಅಂಥ ಮಕ್ಕಳು ಬಹಳ. ದುಡಿಯಲು ಬೆಂಗಳೂರಿಗೆ ಹೋದವರು ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಕೈಗೆ ಒಪ್ಪಿಸಿ ಹೋಗಿರುತ್ತಾರೆ. ಆ ಅಜ್ಜಿಗೆ ಸಮಿತಿಯಲ್ಲಿ ಕೂರುವ ಹಕ್ಕು ಇರಲೆಂದು ಇಟ್ಟ ಮಾತನ್ನು ನಿಮ್ಮ ಅಧ್ಯಕ್ಷತೆ ಉಳಿಸಲು ಎಳೆದು ತಂದರೆ, ನಿಮ್ಮ ದೊಡ್ಡಪ್ಪನವರೇ ಮೊದಲು ತಕರಾರು ಅರ್ಜಿ ಕೊಡುತ್ತಾರೆ. ಆಗ ಮರದ ವಿಚಾರ ಹಿಂದಕ್ಕೆ ಸರಿದು ನಿಮ್ಮ ಸದಸ್ಯತ್ವದ ವಿಚಾರ ಮುಂದಕ್ಕೆ ಬರುತ್ತದೆ. ನಾನಾಗಿದ್ದರೆ ಖಂಡಿತ ಮಾಡುತ್ತಿರಲಿಲ್ಲ.

ಆದರೆ 21ನೇ ಪ್ರಕರಣದ ಮೊದಲ ಬಾಗಿಲು ನಿಮಗೆ ತೆರೆದಿದೆಯಲ್ಲ! ಪಂಚಾಯಿತಿ ಚುನಾವಣೆಗೆ ನಿಂತು ಗೆದ್ದು ಬಂದರೆ ಸ್ಥಳೀಯ ಪ್ರತಿನಿಧಿಯಾಗಿ ಶಾಲೆಯ ಸಮಿತಿಯೊಳಗೆ ಬರುವ ಅವಕಾಶ ನಿಮಗಿರುತ್ತದೆ. ಫ್ರೀಮಾಂಟ್‌ನ ಸರ್ ಹೇಳಿದ ನಿವಾಸಿಯ ಹಕ್ಕು ನಮ್ಮಲ್ಲಿಯೂ ಇದೆ, ಸುತ್ತು ದಾರಿಯಲ್ಲಿದೆ. ಅಧ್ಯಕ್ಷೆಯ ಕುರ್ಚಿ ಸಿಗುವುದಿಲ್ಲ, ಅದು ಪೋಷಕರಿಗೇ ಇರಲಿ.

ಅದಕ್ಕಿಂತ ಮೊದಲು ಈ ಮಾರ್ಚ್‌ನೊಳಗೆ ಆಗಬೇಕಾದ ಕೆಲಸವಿದೆ. 22ನೇ ಪ್ರಕರಣದಂತೆ ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆಯನ್ನು ಬರೆಯಬೇಕು. ಹೆಚ್ಚಿನ ಶಾಲೆಗಳಲ್ಲಿ ಅದು ಕಳೆದ ವರ್ಷದ್ದನ್ನೇ ನಕಲು ಮಾಡಿ ಮೊಹರು ಹಾಕಿದ ನಾಲ್ಕು ಹಾಳೆ. ನೀವು ಹಾಗೆ ಮಾಡಬೇಡಿ. ಹದ್ದುಬಸ್ತಿನ ನಕ್ಷೆಯ ದೃಢೀಕೃತ ಪ್ರತಿಯನ್ನು ಅದಕ್ಕೆ ಲಗತ್ತಿಸಿ, ನಾಲ್ಕು ಬಾಂದುಗಳೂ ಎಲ್ಲೆಲ್ಲಿವೆ ಎಂಬುದನ್ನು ಶಾಲೆಯ ಕಟ್ಟಡದಿಂದ ಅಡಿ ಲೆಕ್ಕದಲ್ಲಿ ಬರೆದು, ಕಾಂಪೌಂಡನ್ನು ಉದ್ಯೋಗ ಖಾತ್ರಿಯಲ್ಲಿ ಕಟ್ಟಿಸುವ ಬೇಡಿಕೆಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಿ. ಮಕ್ಕಳ ಗ್ರಾಮಸಭೆ ಕರೆದರೆ ಇನ್ನೂ ಒಳ್ಳೆಯದು. ಮೈದಾನ ಕಿರಿದಾಗಿದೆ ಎಂದು ಮಕ್ಕಳೇ ಎದ್ದು ನಿಂತು ಹೇಳಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಬರೆದುಕೊಳ್ಳಲೇಬೇಕು.

ಮರಗಳ ವಿಚಾರ ಕಾನೂನಿನದು ಎನ್ನುವುದಕ್ಕಿಂತ ಮನೆಯದು. ದೊಡ್ಡಪ್ಪನವರಿಗೆ ಇನ್ನಿಷ್ಟು ಕೊಯ್ಲು ಬಿಟ್ಟುಕೊಡುವ ಒಪ್ಪಂದವನ್ನು ಊರ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಮಾಡಬೇಡಿ. ಸಮಿತಿಗೆ ಶಾಲೆಯ ಜಾಗವನ್ನು ಬಿಟ್ಟುಕೊಡುವ ಅಧಿಕಾರವಿಲ್ಲ, ಒಂದು ಅಡಿಯೂ ಇಲ್ಲ. ಲಿಖಿತವಾಗಿ ಇಲಾಖೆಗೆ ತಿಳಿಸಿ, ಅವರು ಹೇಳಿದಂತೆ ಮಾಡಿ.

ನಿವೃತ್ತ ಮುಖ್ಯ ಶಿಕ್ಷಕ, ಹಾಸನ

ವಕೀಲ ಮೇಡಂ ಹೇಳಿದ್ದು ಅಕ್ಷರಶಃ ಸರಿ. ಒಂದೇ ಸೇರಿಸುತ್ತೇನೆ. ನಡಾವಳಿ ಪುಸ್ತಕ ಶಾಲೆಯ ಬೀರುವಿನಲ್ಲಿರುತ್ತದೆ, ಬೀರುವಿನ ಬೀಗದ ಕೈ ಮುಖ್ಯ ಶಿಕ್ಷಕನ ಜೇಬಿನಲ್ಲಿರುತ್ತದೆ, ಮುಖ್ಯ ಶಿಕ್ಷಕ ವರ್ಗವಾಗಿ ಹೋಗುತ್ತಾನೆ. ಆದ್ದರಿಂದ ನಕ್ಷೆಯ ಒಂದು ಪ್ರತಿ ಪಂಚಾಯಿತಿಯಲ್ಲಿಯೂ ಇನ್ನೊಂದು ಪ್ರತಿ ಹೊಸ ಅಧ್ಯಕ್ಷರ ಮನೆಯಲ್ಲಿಯೂ ಇರಲಿ. ಆಮೇಲೆ, ಆ ಕಲ್ಲಿಗೆ ಸುಣ್ಣ ಹೊಡೆಸಿ.

ಫ್ರೀಮಾಂಟ್‌ನವರ ಮಾತಿಗೆ: ಇಪ್ಪತ್ತೈದು ವರ್ಷ ಬೇಕು ಎಂಬುದನ್ನು ಒಪ್ಪುತ್ತೇನೆ, ಆದರೆ ಒಬ್ಬರೇ ಇಪ್ಪತ್ತೈದು ವರ್ಷ ಕೂರಬೇಕು ಎಂಬುದನ್ನು ಒಪ್ಪುವುದಿಲ್ಲ. ಶಾಸಕರೇ ಕಾಯಂ ಅಧ್ಯಕ್ಷರಾಗಿರುವ ಕಾಲೇಜು ಅಭಿವೃದ್ಧಿ ಸಮಿತಿಗಳನ್ನು ನಾವು ನೋಡಿದ್ದೇವೆ. ಅಲ್ಲಿ ಒಬ್ಬ ತಾಯಿ ವೋಚರ್ ತಿರುಗಿಸಿ ನೋಡಿದ್ದನ್ನು ನಾನಂತೂ ಕೇಳಿಲ್ಲ.

ಪ್ರಾಥಮಿಕ ಶಾಲಾ ಶಿಕ್ಷಕಿ, ಕೊಪ್ಪಳ

ಅಕ್ಕಾವರೇ, ಮುಂದಿನ ಅಧ್ಯಕ್ಷರು ಯಾರಾಗಬಹುದು ಎಂದು ನೀವು ಹೇಳಲೇ ಇಲ್ಲ.

ಅಧ್ಯಕ್ಷೆ, ತುಮಕೂರು ಜಿಲ್ಲೆ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ನಾದಿನಿಯ ಮಗನ ವಿಚಾರ ಕೈಬಿಟ್ಟಿದ್ದೇನೆ. ನಿಜ ಹೇಳಬೇಕೆಂದರೆ ನಾದಿನಿಯನ್ನು ನಾನು ಇನ್ನೂ ಕೇಳಿಯೇ ಇರಲಿಲ್ಲ. ಹುಡುಗನನ್ನಂತೂ ಯಾರೂ ಕೇಳಿರಲಿಲ್ಲ.

ಕೊಪ್ಪಳದ ಅಕ್ಕಾವರ ಪ್ರಶ್ನೆಗೆ ಉತ್ತರ: ಸಮಿತಿಯಲ್ಲಿ ಹಿರಿಯೂರು ಕಡೆಯಿಂದ ಬಂದ ಒಬ್ಬ ಸೊಸೆ ಇದ್ದಾರೆ. ಮೂರನೇ ತರಗತಿಯಲ್ಲಿ ಮಗ, ಒಂದನೇ ತರಗತಿಯಲ್ಲಿ ಮಗಳು. ಹತ್ತನೇ ತರಗತಿ ಓದಿದ್ದಾರೆ, ಮನೆಯಲ್ಲಿ ಟೈಲರಿಂಗ್ ಮಾಡುತ್ತಾರೆ, ಲೆಕ್ಕದಲ್ಲಿ ನನಗಿಂತ ಚುರುಕು. ಮೊನ್ನೆಯವರೆಗೆ ನನ್ನ ಮನಸ್ಸಿನಲ್ಲಿ ಅವರ ಹೆಸರು ಬಂದಿರಲಿಲ್ಲ. ಊರು ಗೊತ್ತಿಲ್ಲದವರು ಎಂದು ನಾನೇ ಬದಿಗಿಟ್ಟಿದ್ದೆ ಎಂಬುದು ಈ ಚರ್ಚೆ ಓದುವಾಗ ಹೊಳೆಯಿತು, ಸ್ವಲ್ಪ ನಾಚಿಕೆಯೂ ಆಯಿತು.

ನೆನ್ನೆ ಸಂಜೆ ಶಾಲೆ ಬಿಟ್ಟ ಮೇಲೆ ಅವರನ್ನು ಕರೆದುಕೊಂಡು ನಾಲ್ಕು ಮೂಲೆಯನ್ನೂ ಸುತ್ತಿ ಬಂದೆ. ಬಟ್ಟೆ ಅಳೆಯುವ ಟೇಪು ಅವರ ಕೊರಳಲ್ಲೇ ಇತ್ತು. ಅಡುಗೆ ಕೋಣೆಯ ಗೋಡೆಯಿಂದ ಆಗ್ನೇಯದ ಕಲ್ಲಿನವರೆಗೆ ನಾನು ಒಂದು ತುದಿ, ಅವರು ಒಂದು ತುದಿ ಹಿಡಿದು ತುಂಡು ತುಂಡಾಗಿ ಅಳೆದೆವು. ಅವರೇ ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಕತ್ತಾಳೆಯ ಆಚೆ ದೊಡ್ಡಪ್ಪ ಮರಕ್ಕೆ ಪಾತಿ ಮಾಡಿಸುತ್ತಿದ್ದರು. ನಾನು ತಲೆ ತಗ್ಗಿಸಿದೆ. ಈ ಹೆಣ್ಣುಮಗಳು ಮಾತ್ರ ಟೇಪು ಸುತ್ತಿಕೊಂಡು ಬೇಲಿಯ ಹತ್ತಿರ ಹೋಗಿ, “ಮಾವ, ಈ ನಾಲ್ಕು ಮರಕ್ಕೆ ಪಾತಿ ಮಾಡಿಸಬೇಡಿ, ಗೋಡೆ ಇಲ್ಲೇ ಬರುತ್ತೆ” ಎಂದರು. ದೊಡ್ಡಪ್ಪ ಏನೂ ಹೇಳಲಿಲ್ಲ. ಆಳಿಗೆ ಗುದ್ದಲಿ ಪಕ್ಕಕ್ಕಿಡು ಎಂದು ಸನ್ನೆ ಮಾಡಿದರು, ಅಷ್ಟೇ. ಇವತ್ತು ಬೆಳಿಗ್ಗೆ ಹೋಗಿ ನೋಡಿದಾಗ ಎರಡು ಮರಕ್ಕೆ ಪಾತಿ ಆಗಿತ್ತು, ಎರಡಕ್ಕೆ ಆಗಿರಲಿಲ್ಲ.

ಶನಿವಾರ ಸಮಿತಿಯ ಸಭೆ ಕರೆದಿದ್ದೇವೆ. ಅಭಿವೃದ್ಧಿ ಯೋಜನೆಯ ಕರಡನ್ನು ನಾನು ಬರೆಯುತ್ತಿದ್ದೇನೆ, ನಕ್ಷೆಯ ಮೂರು ಪ್ರತಿಗೆ ಹಣ ಕಟ್ಟಿಯಾಗಿದೆ. ವಕೀಲ ಮೇಡಂ, ಕಾಂಪೌಂಡಿನ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಸಮಿತಿಯ ಹೆಸರಿನಲ್ಲಿ ಇಡಬೇಕೋ ಅಥವಾ ವಾರ್ಡಿನ ನಿವಾಸಿಗಳ ಹೆಸರಿನಲ್ಲಿಯೂ ಪ್ರತ್ಯೇಕವಾಗಿ ಇಡಬಹುದೋ ಎಂಬುದನ್ನು ದಯವಿಟ್ಟು ತಿಳಿಸಿ. ಎರಡನೆಯದು ಸಾಧ್ಯವಾದರೆ ಏಪ್ರಿಲ್ ನಂತರವೂ ಆ ಅರ್ಜಿಗೆ ನಾನು ಸಹಿ ಹಾಕಬಹುದು.